ಕಥೆ ಕೇಳುವ ಸೀಮೆಯಲ್ಲಿ ಕಾದಂಬರಿಯ ಓದು

ಕನ್ನಡಿಗರಿಗೆ ಕಾದಂಬರಿಯ ರುಚಿಯನ್ನು ಹತ್ತಿಸಿದವರು ಯಾರೆಂದು ಕೇಳಿದರೆ, ನಮ್ಮ ಸಾಹಿತ್ಯಚರಿತ್ರೆಯನ್ನು ಬಲ್ಲವರು ಉತ್ತರದಲ್ಲಿ ಗಳಗನಾಥರನ್ನೂ ದಕ್ಷಿಣದಲ್ಲಿ ಬಿ. ವೆಂಕಟಾಚಾರ್ಯರನ್ನೂ ಒಟ್ಟಿಗೆ ಸ್ಮರಿಸುವುದು ರೂಢಿಯಾಗಿದೆ. ಇವರಲ್ಲಿ ಎರಡನೆಯವರು 1845ರಲ್ಲಿ ಜನಿಸಿದ್ದು ಕೊಳ್ಳೇಗಾಲದಲ್ಲಿ ಎಂಬ ಸಂಗತಿಯನ್ನು, ಆ ಊರಿನ ರೇಷ್ಮೆಸೀರೆಯ ಅಂಗಡಿಗಳ ಮುಂದೆ ಪುಸ್ತಕದ ಚೀಲವನ್ನು ಹೊತ್ತು ದಿನವೂ ನಡೆದುಹೋಗುವ ವಿದ್ಯಾರ್ಥಿಗಳಿಗೆ ಯಾರೂ ಹೇಳಿದಂತೆ ಕಾಣುವುದಿಲ್ಲ. ಹೇಳಿದ್ದರೆ, ಪ್ರಾಚೀನವೂ ಉತ್ತಮವೂ ಆದ ಕಾದಂಬರಿಗಳೆಂದರೆ ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ಹುಟ್ಟಿ, ಪರೀಕ್ಷಾಮಂಡಲಿಯ ಕೃಪೆಯಿಂದ ತಮ್ಮ ತಲೆಯ ಮೇಲೆ ಬಂದು ಬಿದ್ದ ಹೊರೆಗಳೆಂಬ ಭಾವನೆ ಅವರಲ್ಲಿ ಇಷ್ಟು ದೃಢವಾಗಿ ಬೇರೂರುತ್ತಿರಲಿಲ್ಲವೇನೋ.

ವೆಂಕಟಾಚಾರ್ಯರು ವೃತ್ತಿಯಿಂದ ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಗೆ ಸೇರಿದವರು. ಕಚೇರಿಯ ಕಾಗದಪತ್ರಗಳ ನಡುವೆಯೇ ಸ್ವಂತ ಶ್ರಮದಿಂದ ಬಂಗಾಳಿಯನ್ನು ಕಲಿತು, ಈಶ್ವರಚಂದ್ರ ವಿದ್ಯಾಸಾಗರರು ಶೇಕ್ಸ್‌ಪಿಯರನ ಒಂದು ಹಾಸ್ಯನಾಟಕವನ್ನು ಗದ್ಯಕಥೆಯನ್ನಾಗಿ ಮಾರ್ಪಡಿಸಿದ್ದ ‘ಭ್ರಾಂತಿವಿಲಾಸ’ವನ್ನು ಮೊದಲು ಕನ್ನಡಿಸಿ, ಅನಂತರ ಬಂಕಿಮಚಂದ್ರರ ಕಡೆಗೆ ತಿರುಗಿ, 1885ರಲ್ಲಿ ‘ದುರ್ಗೇಶನಂದಿನಿ’ಯನ್ನೂ ಆಮೇಲೆ ‘ವಿಷವೃಕ್ಷ’, ‘ಆನಂದಮಠ’, ‘ದೇವೀ ಚೌಧುರಾಣಿ’ ಮೊದಲಾದವುಗಳನ್ನೂ ಒಂದರ ಬೆನ್ನಿಗೆ ಒಂದರಂತೆ ತಂದುಕೊಟ್ಟರು. ಆ ಕಾಲದ ಕನ್ನಡ ಗದ್ಯದ ಸ್ಥಿತಿಯನ್ನು ನೆನೆದರೆ ಈ ಕಾರ್ಯದ ಮಹತ್ತ್ವವು ಮನದಟ್ಟಾಗುವುದು. 1823ರ ಕೆಂಪುನಾರಾಯಣನ ‘ಮುದ್ರಾಮಂಜೂಷ’ವು ಮೊಳಕೆಯೊಡೆದರೂ ಅದರ ಹಿಂದೆ ಬೆಳೆ ಬರಲಿಲ್ಲ; ಸಮಕಾಲೀನ ಸಮಾಜವನ್ನು ಚಿತ್ರಿಸುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬರುವುದಕ್ಕೆ 1899ರವರೆಗೆ, ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ಬರುವುದಕ್ಕೆ 1915ರವರೆಗೆ ಕಾಯಬೇಕಾಯಿತು. ನಡುವಣ ಆ ಬರಗಾಲದಲ್ಲಿ, ಕಥೆಯೊಂದು ಪದ್ಯದ ಹಂಗಿಲ್ಲದೆ ನೂರಾರು ಪುಟಗಳವರೆಗೆ ಸಾಗಬಲ್ಲುದೆಂದೂ, ಅದನ್ನು ಓದುವವರು ಪಂಡಿತರೇ ಆಗಬೇಕೆಂಬ ನಿಯಮವಿಲ್ಲವೆಂದೂ ತೋರಿಸಿಕೊಟ್ಟವರಲ್ಲಿ ಆಚಾರ್ಯರೇ ಅಗ್ರಗಣ್ಯರು. ಅವರ ಭಾಷೆಯು ಸಮಾಸಭೂಯಿಷ್ಠವಾದುದು, ಇಂದಿನ ಓದುಗನ ನಾಲಗೆಗೆ ಗಡುಸಾದುದು; ಆದರೆ ಅದನ್ನು ಗಟ್ಟಿಯಾಗಿ ಓದಿದಾಗ ಮಾತ್ರ ವಾಕ್ಯಗಳು ತಾವಾಗಿಯೇ ಉಸಿರಿನ ತಾಣಗಳನ್ನು ತೋರಿಸಿಕೊಡುವುವು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುವೆನು, ಏಕೆಂದರೆ ನಾನು ಹೇಳಬೇಕೆಂದಿರುವುದೆಲ್ಲವೂ ಇದರ ಸುತ್ತಲೇ ಇದೆ.

ಕೊಳ್ಳೇಗಾಲದಲ್ಲಿ ಹುಟ್ಟಿದವರು ಮೈಸೂರಿನ ಸೇವೆಗೆ ಹೋದರೆಂದರೆ ಆಗಿನ ಲೆಕ್ಕದಲ್ಲಿ ಅದು ಪರರಾಜ್ಯಕ್ಕೆ ಹೋದಂತೆಯೇ ಸರಿ. 1799ರಲ್ಲಿ ಟಿಪ್ಪುವಿನ ಪತನಾನಂತರ ಈ ಪ್ರದೇಶವು ಕುಂಪಣಿಯ ಪಾಲಾಗಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಕೂಗಳತೆಯಲ್ಲಿರುವ ಯಳಂದೂರಾದರೋ ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ಸಂದಿತು. ಒಂದೇ ನುಡಿಯನ್ನು ಒಂದೇ ಎಳೆತದಲ್ಲಿ ಆಡುವ ನೆರೆಯೂರುಗಳ ಮಕ್ಕಳು ಒಂದೂವರೆ ಶತಮಾನದಷ್ಟು ಕಾಲ ಎರಡು ಸರಕಾರಗಳ ಅಧೀನದಲ್ಲಿ ಅಕ್ಷರವನ್ನು ಕಲಿತರು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದುದು ಭೂಪಟದ ಮಾತಾದರೆ, ಅದೇ ವರ್ಷ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಪ್ರಕಟವಾದುದು ಸಾಹಿತ್ಯದ ಮಾತು. ಒಂದು ರಾಜ್ಯವು ಕುಂಪಣಿಯ ವಶವಾದ ಬಗೆಯನ್ನು ಬಣ್ಣಿಸುವ ಆ ಕಾದಂಬರಿಯನ್ನು, ಹಾಗೆ ವಶವಾಗಿ ಮರಳಿ ಬಂದ ಸೀಮೆಯವರು ಓದುವಾಗ ಉಳಿದವರಿಗಿಲ್ಲದ ಒಂದು ಅನುಭವ ಅವರಿಗೆ ಲಭಿಸಿದರೆ ಆಶ್ಚರ್ಯವಿಲ್ಲ. ಹನೂರು ಆಗ ಕೊಳ್ಳೇಗಾಲದ ಒಂದು ಭಾಗ. ಪ್ರತ್ಯೇಕ ತಾಲ್ಲೂಕಾದುದು ಇತ್ತೀಚಿನ ವಾರ್ತೆ.

ಇಂಥ ಸೀಮೆಯಲ್ಲಿ ಪುಸ್ತಕದ ಓದು ಬಡವಾಗಿದ್ದಿರಬಹುದು. ಕಥೆಯ ಆಲಿಕೆ ಎಂದೂ ಬಡವಾಗಿರಲಿಲ್ಲ. ಯಳಂದೂರಿನ ಸಂಚಿಯ ಹೊನ್ನಮ್ಮನು ಹದಿನೇಳನೆಯ ಶತಮಾನದಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ತಾಂಬೂಲದ ಸಂಚಿಯನ್ನು ಹಿಡಿದುಕೊಂಡೇ ‘ಹದಿಬದೆಯ ಧರ್ಮ’ವನ್ನು ರಚಿಸಿದಳು, ಅದಕ್ಕೆ ಆಕೆ ಆರಿಸಿಕೊಂಡುದು ಸಾಂಗತ್ಯವನ್ನು, ಎಂದರೆ ಹಾಡಿ ಕೇಳಿಸುವುದಕ್ಕೆಂದೇ ಇರುವ ಛಂದಸ್ಸನ್ನು. ‘ರಾಜಶೇಖರ ವಿಳಾಸ’ವನ್ನು ಬರೆದ ಷಡಕ್ಷರದೇವನ ಹೆಸರೂ ಯಳಂದೂರಿನೊಡನೆ ಬೆಸೆದುಕೊಂಡಿದೆ, ಆದರೆ ಆತನ ಚಂಪುವು ವಿದ್ವಾಂಸರ ಸೊತ್ತು. ಜನಸಾಮಾನ್ಯರ ಸೊತ್ತಾಗಿ ಇಂದಿಗೂ ಉಳಿದಿರುವವು ಮಲೆಯ ಮಾದೇಶ್ವರನ ಮತ್ತು ಮಂಟೇಸ್ವಾಮಿಯ ಮಹಾಕಾವ್ಯಗಳು. ಹನೂರು ತಾಲ್ಲೂಕಿನ ಏಳುಮಲೆಯಲ್ಲಿ ನೆಲೆಸಿದ ಮಾದಪ್ಪನ ಕಥೆಯನ್ನು ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹಾಡುವರು. ಮಂಟೇಸ್ವಾಮಿಯ ಶಿಷ್ಯನಾದ, ಚಿಕ್ಕಲ್ಲೂರಿನಲ್ಲಿ ಗದ್ದುಗೆಯಿರುವ ಸಿದ್ದಪ್ಪಾಜಿಯ ಕಥೆಯನ್ನು ನೀಲಗಾರರು ತಂಬೂರಿಯನ್ನು ಮೀಟುತ್ತ ಹಾಡುವರು. ಇವು ಒಂದು ಗಳಿಗೆಯಲ್ಲಿ ಮುಗಿಯುವ ಹಾಡುಗಳಲ್ಲ. ‘ಸಾಲು’ಗಳೆಂದು ಕರೆಯಲ್ಪಡುವ ಭಾಗಗಳಾಗಿ ಹಂಚಿಹೋಗಿ, ಒಂದೊಂದು ಸಾಲೂ ರಾತ್ರಿಯಿಡೀ ನಡೆಯಬಲ್ಲ ಈ ಕಥನಗಳನ್ನು ಅಕ್ಷರವರಿಯದ ಮುದುಕಿಯರೂ ರೆಪ್ಪೆ ಬಡಿಯದೆ ಕುಳಿತು ಕೇಳುವರು; ಕೇಳುವುದು ಮಾತ್ರವಲ್ಲ, ಗಾಯಕನು ಒಂದು ಘಟ್ಟವನ್ನು ಹಾರಿಸಿ ಮುಂದೆ ಹೋದರೆ ತಡೆದು ನಿಲ್ಲಿಸುವರು.

ಸಂಕಮ್ಮನ ಸಾಲನ್ನೇ ನೋಡಬಹುದು. ಕಾಡಿಗೆ ಹೊರಟ ಸೋಲಿಗರ ನೀಲೇಗೌಡನು ತನ್ನ ಹೆಂಡತಿಯ ಶೀಲದ ವಿಷಯದಲ್ಲಿ ಶಂಕಿತನಾಗಿ ಆಣೆಭಾಷೆಯನ್ನು ಬೇಡುವನು; ಆಕೆ ಕೊಡಲೊಲ್ಲಳು; ಆತನು ಮಾಟದ ಕಟ್ಟುಗಳಿಂದ ಅವಳನ್ನು ಬಂಧಿಸಿ ಹೋಗುವನು; ಅವಳ ಮೊರೆಗೆ ಮಾದೇಶ್ವರನು ಓಗೊಡುವನು. ಗಂಡನ ಸಂಶಯ, ಹೆಂಡತಿಯ ಸ್ವಾಭಿಮಾನ, ಏಕಾಂತದ ಭೀತಿ, ಊರಿನ ಮಾತು: ಒಂದು ಸಮರ್ಥವಾದ ಕಾದಂಬರಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕೆಂದು ನನಗೆ ತೋರುವುದಿಲ್ಲ. ಸಿದ್ದಪ್ಪಾಜಿಯ ಕಥೆಯಲ್ಲಿಯೂ ಹಾಗೆಯೇ. ಕಮ್ಮಾರರ ಮನೆಯ ಹುಡುಗನೊಬ್ಬನು ಗುರುವಿನ ಪಾಲಾಗಿ, ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆಯನ್ನು ತರಲು ಹೋಗಿ, ಒಂದಾದ ಮೇಲೊಂದು ಯಾತನೆಯನ್ನು ಸಹಿಸುತ್ತ ಬೇರೊಬ್ಬ ಮನುಷ್ಯನಾಗುವ ಪರಿಯು, ಪಾತ್ರದ ವಿಕಾಸವೆಂದು ನಮ್ಮ ತರಗತಿಗಳಲ್ಲಿ ಹಲಗೆಯ ಮೇಲೆ ಬರೆದು ವಿವರಿಸುವ ವಸ್ತುವೇ ಆಗಿದೆ. ಆದುದರಿಂದ ಈ ಭಾಗದ ಮಕ್ಕಳಿಗೆ ದೀರ್ಘವಾದ ಕಥೆಯು ಒಗ್ಗದು, ಅವರ ಸಹನೆ ಅಲ್ಪ ಎಂದು ಗೊಣಗುವ ಉಪಾಧ್ಯಾಯರನ್ನು ಕಂಡಾಗ, ಇವರು ಒಮ್ಮೆಯಾದರೂ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಬೆಳಗಿನವರೆಗೆ ಕುಳಿತಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುವುದು.

ಹಾಗಾದರೆ ಕೇಳುವುದರಲ್ಲಿ ಇಷ್ಟು ಪಳಗಿದ ಜನಕ್ಕೆ ಓದುವಾಗ ಆಯಾಸವೇಕೆ? ಕಾದಂಬರಿಯ ಗಾತ್ರವು ಇದಕ್ಕೆ ಕಾರಣವಲ್ಲವೆಂದು ಮೇಲಿನ ಮಾತುಗಳಿಂದಲೇ ಸಿದ್ಧವಾಯಿತು. ನನ್ನ ಎಣಿಕೆಯಲ್ಲಿ, ನಾವು ಕಾದಂಬರಿಯನ್ನು ಮಕ್ಕಳ ಕೈಗೆ ಕೊಡುವಾಗ ಎರಡು ವಸ್ತುಗಳನ್ನು ಅದರಿಂದ ಕಳಚಿಬಿಡುತ್ತೇವೆ: ಒಂದು ಧ್ವನಿ, ಇನ್ನೊಂದು ಸಂಗಡಿಗರು. ಮೌನವಾಗಿ, ಒಬ್ಬಂಟಿಯಾಗಿ, ಮುಂದಿನ ವಾರದ ಕಿರುಪರೀಕ್ಷೆಯ ನೆರಳಿನಲ್ಲಿ ಓದಬೇಕಾದ ಪುಸ್ತಕವು ಎಷ್ಟೇ ಉತ್ಕೃಷ್ಟವಾಗಿದ್ದರೂ ಅಪರಿಚಿತವಾಗಿಯೇ ಉಳಿಯುವುದು.

ಶಾಲೆಯನ್ನು ದೂಷಿಸುವುದು ಸುಲಭ. ಅದು ಮಾಡುವ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. ಪುಸ್ತಕದ ಅಂಗಡಿಯೇ ಇಲ್ಲದ ಊರುಗಳಿಗೆ, ಅಕ್ಷರವೇ ಪ್ರವೇಶಿಸದಿದ್ದ ಮನೆಗಳಿಗೆ, ಒಬ್ಬ ಕಾರಂತರನ್ನೋ ಒಬ್ಬ ತೇಜಸ್ವಿಯವರನ್ನೋ ಮೊದಲ ಸಲ ಕರೆದೊಯ್ದುದು ಶಾಲೆಯೇ. ದ್ವಿತೀಯ ಪಿ.ಯು.ಸಿ.ಯ ಕನ್ನಡ ಪಠ್ಯದಲ್ಲಿ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ಯನ್ನು ಇಟ್ಟಾಗ, ಕಾಡಾನೆಗಳು ಹೊಲಕ್ಕೆ ಇಳಿಯುವ ಹನೂರಿನ ಹಳ್ಳಿಗಳ ಹುಡುಗರು ಅದನ್ನು ಬೆಂಗಳೂರಿನ ಹುಡುಗರಿಗಿಂತ ಬೇರೆಯಾಗಿ ಓದಿರುವುದರಲ್ಲಿ ಸಂದೇಹವಿಲ್ಲ. ಒಲ್ಲದ ಮನಸ್ಸಿನಿಂದ ಓದಿದ ಪುಸ್ತಕವೂ ಮನಸ್ಸಿನ ಯಾವುದೋ ಮೂಲೆಯಲ್ಲಿ ಉಳಿದು, ಹತ್ತು ವರ್ಷಗಳ ತರುವಾಯ ತಾನಾಗಿಯೇ ಬಾಗಿಲು ತಟ್ಟುವುದುಂಟು. ಬಲವಂತವಿಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ‘ಚೋಮನ ದುಡಿ’ಯ ಮೊದಲ ಪುಟವನ್ನೂ ತೆರೆಯುತ್ತಿರಲಿಲ್ಲ.

ಕೆಡುವುದು ಮುಂದಿನ ಹೆಜ್ಜೆಯಲ್ಲಿ. ಪಾಠವು ಪ್ರಶ್ನಪತ್ರಿಕೆಯಾಗಿ ಮಾರ್ಪಟ್ಟು, ಈ ಮಾತನ್ನು ಯಾರು ಯಾರಿಗೆ ಹೇಳಿದರು, ಸಂದರ್ಭದೊಡನೆ ವಿವರಿಸಿ, ಇಂಥವನ ಪಾತ್ರಚಿತ್ರಣವನ್ನು ಮಾಡಿ ಎಂಬ ವಿಧಿಗಳಾಗಿ ಒಡೆದುಹೋದಾಗ, ಮೂಲಕೃತಿಯು ಅನಾವಶ್ಯಕವಾಗಿ, ಗೈಡೆಂಬ ತೆಳುವಾದ ಪುಸ್ತಕವೇ ಸಾಕಾಗುವುದು. 1933ರಲ್ಲಿ ಕಾರಂತರು ಪ್ರಕಟಿಸಿದ ‘ಚೋಮನ ದುಡಿ’ಯ ಚೋಮನು ಬಯಸುವುದು ಒಂದನ್ನೇ: ತನ್ನದೆಂಬ ತುಂಡು ನೆಲವನ್ನು ಉಳುವುದು. ಅದು ಅವನಿಗೆ ಏಕೆ ಲಭಿಸದೆಂಬುದನ್ನು ಗೈಡು ನಾಲ್ಕು ಅಂಶಗಳಲ್ಲಿ ಹೇಳಿ ಮುಗಿಸುವುದು, ಅಂಶಗಳೆಲ್ಲವೂ ಸರಿಯಾದವೇ. ಆದರೆ ದಿನಗೂಲಿಯ ತಂದೆಯ ಮಗನೊಬ್ಬನು ಕೊನೆಯ ಅಧ್ಯಾಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುತ್ತ, ದುಡಿಯ ಬಡಿತವು ಏರುವಲ್ಲಿ ತಾನೂ ಸ್ವರವನ್ನೇರಿಸಿದಾಗ ಉಳಿದವರಲ್ಲಿ ಹರಡುವ ಸ್ತಬ್ಧತೆಗೆ ಎಷ್ಟು ಅಂಕಗಳೆಂದು ಯಾವ ಮೌಲ್ಯಮಾಪಕನೂ ನಿರ್ಣಯಿಸಲಾರನು. ಪಾಠದ ಅವಧಿಯಲ್ಲಿ ಅರ್ಧವನ್ನಾದರೂ ವಿವರಣೆಯಿಂದ ಬಿಡಿಸಿ ಬರಿಯ ವಾಚನಕ್ಕೆ ಮೀಸಲಿಡುವ ಅಧ್ಯಾಪಕರಿರುವಲ್ಲಿ ಮಕ್ಕಳು ಪುಸ್ತಕವನ್ನು ಮುಗಿಸುವರು. ಇದು ಹೊಸ ಬೋಧನಕ್ರಮವೇನೂ ಅಲ್ಲ. ಗಮಕಿಗಳು ಕುಮಾರವ್ಯಾಸನನ್ನು ಊರೂರಿನಲ್ಲಿ ಬದುಕಿಸಿದ್ದು ಇದೇ ಉಪಾಯದಿಂದ.

ಈ ಮಾತಿಗೆ ಅತ್ಯಂತ ಪ್ರಬಲವಾದ ಸಾಕ್ಷ್ಯವು ‘ಕುಸುಮಬಾಲೆ’. ನೆರೆಯ ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವರು 1984ರಲ್ಲಿ ಪ್ರಕಟಿಸಿದ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ಪುಟ್ಟ ಕಾದಂಬರಿಯನ್ನು ಕೈಗೆತ್ತಿಕೊಂಡ ಎಷ್ಟೋ ಸುಶಿಕ್ಷಿತರು, ಇದು ಅರ್ಥವಾಗದು, ಕನ್ನಡವೇ ಆದರೂ ಕನ್ನಡದಂತಿಲ್ಲ ಎಂದು ಕೆಳಗಿಟ್ಟುದುಂಟು. ಅವರ ಕಷ್ಟ ನಿಜವಾದುದೇ. ಈ ಕಡೆಯ ಆಡುನುಡಿಯನ್ನು ಅದರ ಎಲ್ಲ ಒತ್ತು, ಎಳೆತ, ನುಂಗುವಿಕೆಗಳೊಡನೆ ಹಾಳೆಯ ಮೇಲೆ ಇಳಿಸಿದಾಗ, ಗ್ರಂಥಸ್ಥ ಭಾಷೆಗೆ ಒಗ್ಗಿದ ಕಣ್ಣು ಪದಪದಕ್ಕೂ ಎಡವುವುದು ಸಹಜ. ರಾತ್ರಿಯ ಹೊತ್ತು ಮನೆಮನೆಯ ದೀಪಗಳಿಂದ ಜೋತಮ್ಮಗಳು ಹೊರಟುಬಂದು ಒಂದೆಡೆ ಕಲೆತು ತಂತಮ್ಮ ಮನೆಯ ಸುಖದುಃಖಗಳನ್ನು ಆಡಿಕೊಳ್ಳುವುದು, ಮಂಚವೊಂದು ಬಾಯಿ ತೆರೆದು ತನ್ನ ಕಥೆಯನ್ನು ಹೇಳಿಕೊಳ್ಳುವುದು, ಇಂಥವುಗಳನ್ನು ಕಂಡು ಕೆಲವರು ದೂರದೇಶದ ಸಾಹಿತ್ಯಪಂಥಗಳ ಹೆಸರುಗಳನ್ನು ಅರಸತೊಡಗಿದರು. ಕೊಳ್ಳೇಗಾಲದ ಹಳ್ಳಿಯ ಅಜ್ಜಿಯೊಬ್ಬಳಿಗೆ ಇದನ್ನು ಓದಿ ಹೇಳಿದರೆ ಆಕೆಗೆ ಅರಸಬೇಕಾದುದು ಏನೂ ಇರುವುದಿಲ್ಲ. ಜೋತಮ್ಮಗಳು ಮಾತಾಡದೆ ಮತ್ತೇನು ಮಾಡಿಯಾವು ಎಂದು ಆಕೆ ಕೇಳಬಹುದು. ಹಿರಿಯ ವಿದ್ವಾಂಸರಾದ ಎಲ್. ಬಸವರಾಜು ಅವರು ಮುಂದೆ ಈ ಗದ್ಯವನ್ನೇ ಕಾವ್ಯದಂತೆ ಸಾಲುಸಾಲಾಗಿ ಬಿಡಿಸಿ ಅಚ್ಚುಹಾಕಿಸಿದುದು ಅತ್ಯಂತ ಮಾರ್ಮಿಕವಾದ ಕಾರ್ಯ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿ ನುರಿತ ಕಿವಿಯು, ಗದ್ಯದ ವೇಷದಲ್ಲಿದ್ದ ಹಾಡುಗಬ್ಬವನ್ನು ಗುರುತಿಸಿತು. ಚನ್ನನೆಂಬ ದಲಿತ ಯುವಕನಿಗೂ ಮೇಲುಜಾತಿಯ ಕುಸುಮೆಗೂ ನಡುವಣ ಪ್ರೇಮ, ಅದರ ಫಲವಾದ ಕೊಲೆ, ಇವುಗಳನ್ನು ವರದಿಗಾರನಂತೆ ಹೇಳಿದ್ದರೆ ನಾವು ಮರುಗಿ ಮರೆಯುತ್ತಿದ್ದೆವು. ನೀಲಗಾರನ ಸರಣಿಯಲ್ಲಿ, ಒಂದು ಕಥೆಯ ಒಡಲಿನಿಂದ ಇನ್ನೊಂದು ಕಥೆ ಹೊರಬರುವಂತೆ ಹೇಳಿರುವುದರಿಂದ ಅದು ನಮ್ಮ ಬೆನ್ನು ಬಿಡುವುದಿಲ್ಲ. ಮೈಸೂರು, ಚಾಮರಾಜನಗರ ಸೀಮೆಯ ಓದುಗನಿಗೆ ಮಾತ್ರ ಒದಗಿರುವ ಈ ಸೌಭಾಗ್ಯವನ್ನು, ಅಂದರೆ ಒಂದು ಶ್ರೇಷ್ಠಕೃತಿಯು ತನ್ನ ಮನೆಯ ಮಾತಿನಲ್ಲಿಯೇ ಇರುವ ಸೌಭಾಗ್ಯವನ್ನು, ಆತನು ಬಳಸಿಕೊಳ್ಳದಿರುವುದು ಸಂಕಟದ ವಿಷಯ.

ಸಂತೋಷಕ್ಕಾಗಿ ಓದುವ ಪರಂಪರೆಯೂ ಇಲ್ಲಿ ಇಲ್ಲದಿರಲಿಲ್ಲ. ಸ್ವತಂತ್ರ ಭಾರತದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗಾಗಿ ಮೊದಲು ಶಾಸನ ಮಾಡಿದುದು 1948ರಲ್ಲಿ ಮದರಾಸು ಸರಕಾರ. ಕೊಳ್ಳೇಗಾಲವು ಆಗ ಆ ರಾಜ್ಯದ ಭಾಗ. ಮೈಸೂರಿನಲ್ಲಿ ಅಂಥ ಶಾಸನ ಬಂದುದು 1965ರಲ್ಲಿ. ಅದೇ ವರ್ಷ ‘ಸುಧಾ’ ವಾರಪತ್ರಿಕೆ ಹೊರಟು, ಧಾರಾವಾಹಿಯ ಮುಂದಿನ ಕಂತಿಗಾಗಿ ವಾರಗಟ್ಟಲೆ ಕಾಯುವ ಓದುಗಬಳಗ ಬೆಳೆಯಿತು. ಅ. ನ. ಕೃಷ್ಣರಾಯರು, ತ. ರಾ. ಸುಬ್ಬರಾಯರು, ತ್ರಿವೇಣಿ, ಎಂ. ಕೆ. ಇಂದಿರಾ ಮೊದಲಾದವರನ್ನು ಸ್ತ್ರೀಯರು ಒಬ್ಬರ ಕೈಯಿಂದ ಒಬ್ಬರು ಪಡೆದು ಓದಿದರು. ಪುಸ್ತಕವನ್ನು ಕೊಳ್ಳಲಾಗದವರಿಗೆ ಚಲನಚಿತ್ರವು ಅದರ ಸಾರವನ್ನು ಮುಟ್ಟಿಸಿತು. ಹನೂರು ಕಡೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜರು ರಾಜಕುಮಾರರಾಗಿ ತೆರೆಯ ಮೇಲೆ ಬಂದಾಗ, ತ. ರಾ. ಸು. ಅವರ ‘ಚಂದವಳ್ಳಿಯ ತೋಟ’ವೂ ಅ. ನ. ಕೃ. ಅವರ ‘ಸಂಧ್ಯಾರಾಗ’ವೂ ಟಿ. ಕೆ. ರಾಮರಾಯರ ‘ಬಂಗಾರದ ಮನುಷ್ಯ’ವೂ ಅಕ್ಷರವರಿಯದವರ ಬಾಯಲ್ಲಿಯೂ ನಲಿದವು. ಇದನ್ನು ಓದಿನ ಅವನತಿಯೆಂದು ಜರೆದವರುಂಟು. ಚಿತ್ರವನ್ನು ನೋಡಿ ಬಂದು ಪುಸ್ತಕವನ್ನು ಹುಡುಕಿದವರ ಸಂಖ್ಯೆಯೂ ಅಲ್ಪವಲ್ಲವೆಂದು ನಾನು ನಂಬುವೆನು.

ಕೇಳುವ ಸೀಮೆಯು ಬರೆಯುವವರನ್ನೂ ಕೊಟ್ಟಿದೆ. ಜಾನಪದ ವಿದ್ವಾಂಸರಾದ ಕೃಷ್ಣಮೂರ್ತಿ ಹನೂರು ಅವರು ಟಿಪ್ಪುವಿನ ಕಾಲದ ಯೋಧನೊಬ್ಬನ ಬಾಳನ್ನು ‘ಅಜ್ಞಾತನೊಬ್ಬನ ಆತ್ಮಚರಿತ್ರೆ’ಯಲ್ಲಿ ಕಾದಂಬರಿಯಾಗಿಸಿದರು, ಮಾದಪ್ಪನ ಬೆಟ್ಟದ ಮಗ್ಗುಲಿನ ಪೊನ್ನಾಚಿಯಿಂದ ಬಂದ ಸ್ವಾಮಿ ಪೊನ್ನಾಚಿ ಅವರ ‘ಧೂಪದ ಮಕ್ಕಳು’ ಕಥಾಸಂಕಲನಕ್ಕೆ 2020ರ ಯುವ ಪುರಸ್ಕಾರ ಸಂದಿತು. ಇಬ್ಬರ ಗದ್ಯವನ್ನೂ ಬಾಯಿಬಿಟ್ಟು ಓದಿ ನೋಡಬೇಕು.

ಇನ್ನು, ಎಲ್ಲಿಂದ ಪ್ರಾರಂಭಿಸಬೇಕೆಂದು ಕೇಳುವ ತರುಣ ಮಿತ್ರರಿಗೆ ಒಂದೆರಡು ಮಾತು. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದು ಕಾಲೇಜಿನ ಬಾಗಿಲು ತೆರೆಯುವವರೆಗಿನ ಬೇಸಗೆಯ ಬಿಡುವು, ಯಾವ ಪ್ರಶ್ನಪತ್ರಿಕೆಯ ಭಯವೂ ಇಲ್ಲದ, ಆಯುಷ್ಯದಲ್ಲಿ ಮತ್ತೆ ದೊರೆಯದ ಅವಕಾಶ. ಮೊದಲು ‘ಚೋಮನ ದುಡಿ’ಯನ್ನು ಒಂದೆರಡು ದಿನಗಳಲ್ಲಿ ಮುಗಿಸಿ, ಅನಂತರ ಭೈರಪ್ಪನವರು 1965ರಲ್ಲಿ ಪ್ರಕಟಿಸಿದ ‘ವಂಶವೃಕ್ಷ’ಕ್ಕೆ ಹೋಗಬಹುದು. ನಂಜನಗೂಡಿನ ಕಪಿಲೆ, ಮೈಸೂರಿಗೆ ಹೋಗುವ ರೈಲು, ಮಹಾರಾಜರ ಕಾಲೇಜು ಎಲ್ಲವೂ ನಾವು ಕಂಡು ಬಲ್ಲ ಸ್ಥಳಗಳಾದುದರಿಂದ ಆ ಗ್ರಂಥದೊಳಗೆ ದಾರಿ ತಪ್ಪುವ ಭಯವಿಲ್ಲ. ಹದಿನಾರರ ಪ್ರಾಯದಲ್ಲಿ ನೀವು ತರುಣ ವಿಧವೆ ಕಾತ್ಯಾಯನಿಯ ಪಕ್ಷವನ್ನು ವಹಿಸುವಿರಿ, ವಹಿಸತಕ್ಕದ್ದೇ. ಅವಳ ಮಾವ ಶ್ರೀನಿವಾಸ ಶ್ರೋತ್ರಿಯರ ಹೆಗಲ ಮೇಲಿನ ಭಾರವು ಎಂಥದೆಂಬುದನ್ನು ನಿಮ್ಮ ಮನೆಯ ಹಿರಿಯರು ಹೇಳಿಯಾರು, ಅದಕ್ಕಾಗಿ ಪುಸ್ತಕವನ್ನು ಅವರ ಮುಂದೆ ಓದಬೇಕು. ಅಲ್ಲಿ ಹುಟ್ಟುವ ಜಗಳವನ್ನು ನಿಲ್ಲಿಸಹೋಗಬೇಡಿ.

‘ಮಲೆಗಳಲ್ಲಿ ಮದುಮಗಳು’ ಮಾತ್ರ ಬೇರೆಯ ಬಗೆಯ ಸಿದ್ಧತೆಯನ್ನು ಬಯಸುವುದು. ಕುವೆಂಪು ಅವರು 1967ರಲ್ಲಿ ಕೊಟ್ಟ ಆ ಬೃಹದ್ಗ್ರಂಥದಲ್ಲಿ ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ಕಾಡುದಾರಿ ಹಿಡಿದು ಹೊರಟ ಮೇಲೆ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಸಿಂಬಾವಿ, ಹೂವಳ್ಳಿ ಎಂದು ಮನೆತನಗಳು ಒಂದರ ಮೇಲೊಂದು ಬಂದು, ಐವತ್ತು ಪುಟಗಳೊಳಗೆ ಓದುಗನು ಯಾರು ಯಾರ ಮನೆಯವರೆಂದು ತಿಳಿಯದೆ ಕಂಗೆಡುವನು. ಬಹುಜನರು ಪುಸ್ತಕವನ್ನು ಬಿಡುವುದು ಅಲ್ಲಿಯೇ. ಒಂದು ಹಾಳೆಯ ಮೇಲೆ ಮನೆಗಳ ಹೆಸರುಗಳನ್ನೂ ಅಲ್ಲಲ್ಲಿಯ ಜನರನ್ನೂ ಬರೆದಿಟ್ಟುಕೊಂಡು, ಮನೆಯಲ್ಲಿ ಇಬ್ಬರೋ ಮೂವರೋ ಕೂಡಿ, ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಅಧ್ಯಾಯದಂತೆ ಸರದಿಯಿಂದ ಓದುತ್ತ ಬಂದರೆ, ನೂರು ಪುಟ ಕಳೆಯುವಷ್ಟರಲ್ಲಿ ಆ ಹಾಳೆಯು ಬೇಡವಾಗುವುದು. ಮಲೆನಾಡಿನ ಮಾತು ಮೊದಮೊದಲು ತೊಡಕೆನಿಸಿದರೆ ನಿಲ್ಲದೆ ಮುಂದುವರಿಯಬೇಕು. ಓದುವವನು ಒಂದು ಕಡೆ ಬೇಸತ್ತರೆ ಪುಸ್ತಕವನ್ನು ಪಕ್ಕದವರಿಗೆ ದಾಟಿಸಿ ತಾನು ಗೋಡೆಗೊರಗಿ ಕೇಳಬಹುದು.